ಅವ್ವ ಮೊದಲು ಉಂಡ ರಾತ್ರಿ

ನಮ್ಮವ್ವ ಉಣ್ಣುವುದನ್ನು ನಾವ್ಯಾರೂ ನೆಟ್ಟಗೆ ನೋಡಿದವರಲ್ಲ. ಹೊಲಕ್ಕೆ ಹೋಗುವವರಿಗೆ ಬುತ್ತಿ ಕಟ್ಟಿ, ಸಾಲಿಗೆ ಹೋಗುವ ನಮಗೆ ನೀಡಿ, ಬಂದ ಬೀಗರನ್ನು ಉಣ್ಣಿಸಿ, ಎಲ್ಲರ ಗಂಗಾಳ ಬಚ್ಚಲಿಗೆ ಬಿದ್ದ ಮೇಲೆ ಒಲೆಯ ಮಗ್ಗುಲಲ್ಲಿ ಗೋಡೆಗೆ ಮುಖ ಮಾಡಿ ಕೂಡುವಳು. ಆರಿದ ರೊಟ್ಟಿಯನ್ನು ಬೋಗುಣಿಯ ತಳಕ್ಕೆ ಒರೆಸಿಕೊಂಡು ನಾಲ್ಕು ತುತ್ತು ತಿಂದು ಎದ್ದುಬಿಡುವಳು. ಏನು ಉಂಡಳು, ಸಾಕಾಯಿತೋ ಇಲ್ಲವೋ, ಯಾರೂ ಕೇಳುತ್ತಿರಲಿಲ್ಲ. ಅಂಥ ಅವ್ವ ಬೆಂಗಳೂರಿನ ಒಂದು ಸಣ್ಣ ಫ್ರೆಂಚ್ ಹೋಟೆಲಿನಲ್ಲಿ ಎರಡು ತಾಸಿಗೂ ಮಿಕ್ಕಿ ಕೂತು ಉಂಡಳು. ಮನೆಯಲ್ಲಿ ಹುಡುಗರು ಆಗಾಗ ಅದನ್ನು ಹೇಳು ಅಂತ ಗಂಟು ಬೀಳುತ್ತಾರೆ, ನಾನೂ ಹೇಳುತ್ತಲೇ ಬಂದಿದ್ದೇನೆ.

ನಮ್ಮ ಹಂಪಸಾಗರ ತುಂಗಭದ್ರೆಯ ಹಿನ್ನೀರಿನ ದಂಡೆಯ ಊರು. ಹಗರಿಬೊಮ್ಮನಹಳ್ಳಿ ತಾಲ್ಲೂಕು. ಮೊದಲು ಬಳ್ಳಾರಿ ಜಿಲ್ಲೆ, 2021ರಿಂದ ವಿಜಯನಗರ ಜಿಲ್ಲೆ. 1945ರಲ್ಲಿ ಹೊಸಪೇಟೆ ಹತ್ತಿರ ಅಣೆಕಟ್ಟೆಗೆ ಅಡಿಗಲ್ಲು ಬಿತ್ತು, 1953ರಲ್ಲಿ ನೀರು ನಿಲ್ಲಿಸಿದರು. ಅಪ್ಪನ ಮನೆಯ ಎರೆಹೊಲ ಮುಳುಗಡೆಯಾಯಿತು. ಉಳಿದ ಮಸಾರಿಯಲ್ಲಿ ಜೋಳ, ಶೇಂಗಾ, ಉಳ್ಳಾಗಡ್ಡಿ. ಹೊಲ ಹೋದ ಕಡೆಯಿಂದ ಮೀನು ಬರತೊಡಗಿತು. ಅವ್ವ ಸೊಸೆಯಾಗಿ ಬಂದಾಗ ಮನೆ ತುಂಬ ಮಂದಿ, ಭೂಮಿ ಮಾತ್ರ ಕಡಿಮೆ. ಇದ್ದದ್ದರಲ್ಲಿ ಎಲ್ಲರ ಹೊಟ್ಟೆ ತುಂಬಿಸುವ ಲೆಕ್ಕ ಅವಳ ತಲೆಗೆ ಬಿತ್ತು. ಆ ಲೆಕ್ಕದಲ್ಲಿ ಅವಳ ಪಾಲು ಯಾವಾಗಲೂ ಕಡೆಯದು.

ನಮ್ಮಣ್ಣನ ಮಗ, ನನ್ನ ಅಳಿಯ, ಚಿಕ್ಕಂದಿನಿಂದ ಅಜ್ಜಿಯ ಒಲೆ ಬಿಟ್ಟು ಕದಲುತ್ತಿರಲಿಲ್ಲ. ಪಿಯುಸಿ ಮುಗಿಸಿ ಬೆಂಗಳೂರಿನ ಶೇಷಾದ್ರಿ ರಸ್ತೆಯಲ್ಲಿರುವ ಹೋಟೆಲ್ ಮ್ಯಾನೇಜ್‌ಮೆಂಟ್ ಸಂಸ್ಥೆಗೆ ಸೇರುತ್ತೇನೆ ಅಂದಾಗ ಮನೆಯಲ್ಲಿ ದೊಡ್ಡ ರಗಳೆಯಾಯಿತು. "ಅಡಿಗಿ ಮಾಡಾಕ ಬೆಂಗಳೂರಿಗೆ ಹೋಗಿ ಕಲೀಬೇಕೇನು?" ಅಂತ ಅಣ್ಣ ಕೂಗಾಡಿದ. ಅವ್ವ ಒಳಗಿಂದಲೇ ಅಂದಳು: "ಹೋಗ್ಲಿ ಬಿಡೋ. ಉಣ್ಣಾಕ ನೀಡೋ ಕೆಲಸ, ಕೆಟ್ಟದ್ದೇನಲ್ಲ." ಅಲ್ಲಿಗೆ ಮುಗಿಯಿತು. ಓದು ಮುಗಿದ ಮೇಲೆ ಹುಡುಗ ವಸಂತನಗರದ ಅಲಿಯಾನ್ಸ್ ಫ್ರಾನ್ಸೆಗೆ ಹೋಗಿ ಒಂದಿಷ್ಟು ಫ್ರೆಂಚೂ ಕಲಿತ. ನಾನು ಸಾಲಿಯಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ಹಾವೇರಿಯ ವಸುಂಧರಾ ಫಿಲಿಯೋಜಾ ಪ್ಯಾರಿಸ್ಸಿಗೆ ಹೋಗಿ ವಿಜಯನಗರದ ಶಾಸನಗಳ ಮೇಲೆ ಫ್ರೆಂಚಿನಲ್ಲಿ ಗ್ರಂಥ ಬರೆದರು, ನಿನಗೆ ಒಂದು ಅಡುಗೆಪುಸ್ತಕ ಓದಲು ಬಂದರೂ ಸಾಕು ಎಂದು ಅವನಿಗೆ ಹುರುಪು ಕೊಟ್ಟೆ.

ಅವನಿಗೆ ಕೆಲಸ ಸಿಕ್ಕಿದ್ದು ಹಲಸೂರಿನ ಹಿಂದಿನ ಓಣಿಯ ಒಂದು ಹಳೆಯ ಮನೆಯಲ್ಲಿ. ಬೀದಿಗೆ ಬೋರ್ಡೂ ಇಲ್ಲ. ಪಡಸಾಲೆ ಮತ್ತು ಪಕ್ಕದ ಕೋಣೆ ಸೇರಿಸಿ ಆರು ಟೇಬಲ್ಲು. ಮುಂಚೆ ಹೇಳಿಕೊಂಡವರಿಗೆ ಮಾತ್ರ ಊಟ. ಇಂಥ ಸಣ್ಣ ಜಾಗಗಳು ಬೆಂಗಳೂರಿನಲ್ಲಿ ಈಗ ಕೆಲವಿವೆ. ಬಾಗಲೂರು ಕಡೆಯ ಫಾರ್ಮ್‌ಲೋರ್‌ನಲ್ಲಿ ಒಂದು ಹೊತ್ತಿಗೆ 18 ಮಂದಿಗಷ್ಟೇ ಬಡಿಸುತ್ತಾರೆ, ಹೆಚ್ಚಾಗಿ ತೋಟದಲ್ಲಿ ಬೆಳೆದದ್ದನ್ನೇ ಬೇಯಿಸುತ್ತಾರೆ. ಅಳಿಯನ ಹೋಟೆಲಿನ ಯಜಮಾನರು ಬೆಂಗಳೂರಿನವರೇ. ಫ್ರಾನ್ಸಿನ ಲಿಯೋನಿನಲ್ಲಿ ಕೆಲಸ ಮಾಡಿ ಬಂದವರು, ಅಡುಗೆಮನೆಯಲ್ಲೂ ಅವರೇ ಮುಂದು. ಫ್ರೆಂಚ್ ಪದ್ಧತಿಯ ಅಡುಗೆಗೆ ನಮ್ಮ ಕಡೆಯ ಜೋಳ, ಹುಣಸೆ, ಬೆಲ್ಲ, ಸೊಪ್ಪುಗಳನ್ನು ಹೊಂದಿಸುವುದು ಅವರ ಹಟ. ಕೆಲಸದವರು ವರ್ಷಕ್ಕೊಮ್ಮೆ ತಮ್ಮ ಮನೆಯವರನ್ನು ಕರೆತಂದು ಗಿರಾಕಿಗಳ ಸಮಕ್ಕೆ ಕೂಡಿಸಿ ಉಣ್ಣಿಸಬೇಕು, ದುಡ್ಡು ತೆಗೆದುಕೊಳ್ಳುವುದಿಲ್ಲ ಎಂಬ ಕಟ್ಟಳೆ ಮಾಡಿದ್ದರು. ಅಳಿಯ ಅಜ್ಜಿಯ ಹೆಸರು ಹೇಳಿದ. ಜೊತೆಗೆ ನಾನು.

ಅದು 2023ರ ಏಪ್ರಿಲ್. ಅವ್ವ ಬರಿಗೈಯಲ್ಲಿ ಎಲ್ಲಿಗೂ ಹೋದವಳಲ್ಲ. ನಮ್ಮ ಹಿತ್ತಿಲಲ್ಲಿ ಹಡಗಲಿಯಿಂದ ಕಡ್ಡಿ ತಂದು ನೆಟ್ಟ ಮಲ್ಲಿಗೆ ಗಿಡ ಇದೆ. ಹಡಗಲಿ ಮಲ್ಲಿಗೆಗೆ ಜಿಐ ಗುರುತು ಸಿಕ್ಕಿರುವುದು ಈಗ ಪೇಟೆಯವರಿಗೂ ಗೊತ್ತು, ನಮ್ಮ ಕಡೆಯ ಹೆಂಗಸರಿಗೆ ಆ ಪರಿಮಳಕ್ಕೆ ಯಾರ ಗುರುತೂ ಬೇಕಿರಲಿಲ್ಲ. ಔಷಧಿ ಹೊಡೆಯದ ಹೂವು ಬೇಕು ಅಂತ ಅಳಿಯ ಫೋನಿನಲ್ಲಿ ಹೇಳಿದ್ದ, ಯಾಕೆ ಅಂತ ಹೇಳಿರಲಿಲ್ಲ. ಅವ್ವ ನಸುಕಿನಲ್ಲೇ ಮೊಗ್ಗು ಬಿಡಿಸಿ, ಒದ್ದೆ ಧೋತರದ ತುಂಡಿನಲ್ಲಿ ಸುತ್ತಿ, ಸ್ಟೀಲಿನ ಡಬ್ಬಿಗೆ ಹಾಕಿ, ಮುಚ್ಚಳ ಬಿಗಿ ಮಾಡದೆ ಇಟ್ಟಳು. ರಾತ್ರಿ ಬಸ್ಸು ಕೂಡ್ಲಿಗಿ ದಾಟುವ ಹೊತ್ತಿಗೆ ಮೊಗ್ಗು ಅರಳಿದವು. ಹಿಂದಿನ ಸೀಟಿನವರು "ಎಲ್ಲಿಂದ ಬರಾಕತ್ತೈತಿ ಈ ವಾಸನಿ" ಅಂತ ಕೇಳಿದರು. ಚಿತ್ರದುರ್ಗ, ತುಮಕೂರು ದಾಟಿ ಬೆಳಗಿನ ಜಾವ ಮೆಜೆಸ್ಟಿಕ್‌ನಲ್ಲಿ ಇಳಿದಾಗ ಅಳಿಯ ಕಾಯುತ್ತಿದ್ದ. ಮೊದಲು ಡಬ್ಬಿ ಇಸಿದುಕೊಂಡ, ಆಮೇಲೆ ಅಜ್ಜಿಯ ಕಾಲಿಗೆ ಬಿದ್ದ.

ಸಂಜೆ ಏಳೂವರೆಗೆ ಹೋದೆವು. ಕಿಟಕಿ ಪಕ್ಕದ ಟೇಬಲ್ಲಿಗೆ ಬಿಳಿ ಅರಿವೆ ಹಾಸಿದ್ದರು. ಬಡಿಸಲಿಕ್ಕೆ ನಿಂತವಳು ಮಣಿಪುರದ ಹುಡುಗಿ. ಆಕೆ ಹತ್ತಿರ ಬಂದಾಗಲೆಲ್ಲ ಅವ್ವ ಎದ್ದು ನಿಲ್ಲುವಳು. ಕೈಯಲ್ಲಿ ತಟ್ಟೆ ಹಿಡಿದು ಬಂದವರ ಎದುರು ಕೂತಿರುವುದು ಅವಳ ಮೈಗೆ ರೂಢಿಯೇ ಇರಲಿಲ್ಲ. ಅಡುಗೆಮನೆಗೂ ಊಟದ ಕೋಣೆಗೂ ನಡುವೆ ಅರ್ಧಗೋಡೆ. ಅಲ್ಲಿಂದ ನೋಡಿದ ಅಳಿಯ ಬಿಳಿ ಅಂಗಿಯಲ್ಲಿ ಹೊರಗೆ ಬಂದು ಅಜ್ಜಿಯ ಹೆಗಲ ಮೇಲೆ ಕೈಯಿಟ್ಟ. "ಕುಂದ್ರಜ್ಜೀ. ಇವತ್ತು ನೀ ಏಳಂಗಿಲ್ಲ."

ಮೊದಲು ಬೆರಳುಗಾತ್ರದ ಏನೋ ಒಂದು ಬಂತು, ನನಗೆ ಅದರ ನೆನಪು ಉಳಿದಿಲ್ಲ. ಉಳಿದದ್ದು ಆಮೇಲೆ ಬಂದ ಉಳ್ಳಾಗಡ್ಡಿ ಸೂಪು.

ಮಣ್ಣಿನ ಸಣ್ಣ ಬೋಗುಣಿ. ಮೇಲೆ ಬ್ರೆಡ್ಡಿನ ಬದಲು ಕಡಕ್ ಜೋಳದ ರೊಟ್ಟಿಯ ಮುಚ್ಚಳ, ಅದರ ಮೇಲೆ ಚೀಸು ಕರಗಿ ಅಂಚಿನಲ್ಲಿ ಕಂದು ಹಿಡಿದಿತ್ತು. ಅವ್ವ ಚಮಚ ಬದಿಗಿಟ್ಟು ಬೆರಳಿನಿಂದ ರೊಟ್ಟಿ ಒಡೆದಳು. ಒಳಗಿಂದ ಹಬೆ ಎದ್ದಿತು. ಒಂದು ತುತ್ತು ಬಾಯಿಗೆ ಹೋದ ಮೇಲೆ ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ ಕೇಳಿದಳು: "ಬೆಲ್ಲ ಹಾಕ್ಯಾರೇನು?" ಬೆಲ್ಲ ಹಾಕಿರಲಿಲ್ಲ. ತೆಳ್ಳಗೆ ಹೆಚ್ಚಿದ ಉಳ್ಳಾಗಡ್ಡಿಯನ್ನು ಬೆಣ್ಣೆಯಲ್ಲಿ ಸಣ್ಣ ಉರಿಯ ಮೇಲೆ ಒಂದು ತಾಸಿನಷ್ಟು ಹೊತ್ತು ಕೈಯಾಡಿಸುತ್ತಲೇ ಇದ್ದರೆ ಅದರ ನೀರೆಲ್ಲ ಹೋಗಿ, ಒಳಗಿನ ಸಿಹಿ ಮೇಲೆ ಬಂದು, ಜೇನಿನ ಬಣ್ಣಕ್ಕೆ ತಿರುಗುತ್ತದೆ. ಉರಿ ಒಂಚೂರು ಹೆಚ್ಚಾದರೂ ಕಹಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಳಿಯನಿಗೆ ಕೊಟ್ಟದ್ದು ಇದೊಂದೇ ಕೆಲಸ, ಉಳ್ಳಾಗಡ್ಡಿ ಹೆಚ್ಚುವುದು, ಕೈಯಾಡಿಸುವುದು.

ಯಜಮಾನರು ಟೇಬಲ್ಲಿಗೆ ಬಂದು ಆ ಸೂಪಿನ ಕಥೆ ಹೇಳಿದರು. ಪ್ಯಾರಿಸ್ಸಿನ ನಡುಮಧ್ಯೆ ಲೆ ಹಾಲ್ ಎಂಬ ದೊಡ್ಡ ಮಾರುಕಟ್ಟೆ ಇತ್ತಂತೆ, 1969ರಲ್ಲಿ ಅದನ್ನು ಊರ ಹೊರಗಿನ ರುಂಜಿಸ್‌ಗೆ ಸಾಗಿಸಿದರು. ರಾತ್ರಿಯಿಡೀ ಮೂಟೆ ಹೊತ್ತ ಹಮಾಲರು ನಸುಕಿನಲ್ಲಿ ಅಲ್ಲಿನ ಅಂಗಡಿಗಳಲ್ಲಿ ಇದೇ ಸೂಪು ಕುಡಿದು ಮೈ ಬಿಸಿ ಮಾಡಿಕೊಳ್ಳುತ್ತಿದ್ದರು. ಅವ್ವನಿಗೆ ಅದು ಕೂಡಲೇ ಹಿಡಿಸಿತು. "ಹಮಾಲರ ಊಟ ಅನ್ನು. ಅದಕ್ಕ ಹೊಟ್ಟಿಗೆ ಕುಂದ್ರತೈತಿ" ಅಂದಳು. ಆಮೇಲೆ ಬೆಲೆ ಕೇಳಿದಳು. ಇಡೀ ಊಟಕ್ಕೆ ಒಬ್ಬರಿಗೆ ಮೂರು ಸಾವಿರದ ಮೇಲೆ ಆಗುತ್ತದೆ ಎಂದು ಯಜಮಾನರು ಮುಚ್ಚುಮರೆ ಇಲ್ಲದೆ ಹೇಳಿದರು. ಆ ವರ್ಷ ಉಳ್ಳಾಗಡ್ಡಿಗೆ ರೇಟೇ ಇರಲಿಲ್ಲ, ಮಾರುಕಟ್ಟೆಗೆ ಒಯ್ದರೆ ಲಾರಿ ಬಾಡಿಗೆ ಹುಟ್ಟದೆ ಎಷ್ಟೋ ಮಂದಿ ಹೊಲದಲ್ಲೇ ಬಿಟ್ಟಿದ್ದರು. ಅವ್ವ ಕೈಯಲ್ಲಿದ್ದ ಚಮಚ ಕೆಳಗಿಟ್ಟಳು. "ಇದರಾಗ ಬೆಳೆದಂವಗ ಎಷ್ಟು ಮುಟ್ಟತೈತ್ರಿ?" ಬಾಡಿಗೆ, ಸಂಬಳ, ಒಂದು ತಾಸಿನ ಗ್ಯಾಸು, ಎಲ್ಲಕ್ಕೂ ಅವರ ಹತ್ತಿರ ಲೆಕ್ಕ ಇತ್ತು. ಈ ಪ್ರಶ್ನೆಗೆ ಇರಲಿಲ್ಲ. ಅವರು ಮಾತು ತೇಲಿಸದೆ "ಕಡಿಮೆ ಅಜ್ಜಿ, ಬಹಳ ಕಡಿಮೆ" ಅಂದರು. ನನಗೆ ಅವರ ಮೇಲೆ ಗೌರವ ಹುಟ್ಟಿದ್ದು ಆಗ. ಆ ಮಳೆಗಾಲದಿಂದ ಅವರು ಉಳ್ಳಾಗಡ್ಡಿಯನ್ನು ನಮ್ಮ ಕಡೆಯ ರೈತರಿಂದಲೇ, ಮಾರುಕಟ್ಟೆಗಿಂತ ಹೆಚ್ಚು ಕೊಟ್ಟು ತರಿಸತೊಡಗಿದರು. ಆರು ಟೇಬಲ್ಲಿನ ಹೋಟೆಲಿಗೆ ಬೇಕಾಗುವುದು ಕೆಲವೇ ಚೀಲ. ಆದರೂ ಆ ಚೀಲ ಬೆಳೆದವರಿಗೆ ಅದು ದುಡ್ಡೇ.

ಮುಂದೆ ಮೀನು. ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನಿಂದ ತಂದ ಕೊರಮೀನು. ಚರ್ಮ ಗರಿಗರಿ, ಒಳಗೆ ಬಿಳಿ ತಿರುಳು, ಸುತ್ತ ಹೊಂಬಣ್ಣದ ತೆಳು ಸಾಸು. ಅವ್ವ ಮುಳ್ಳು ಹುಡುಕುತ್ತ ಒಂದು ಚೂರು ತಿಂದು ತಕ್ಷಣ ಹೇಳಿದಳು, "ಇದು ಕೆರಿ ಮೀನು, ಹೊಳಿದಲ್ಲ." ಅರ್ಧಗೋಡೆಯ ಆಚೆ ಎಲ್ಲರೂ ತಿರುಗಿ ನೋಡಿದರು. ನಿಂತ ನೀರಿನ ಮೀನಿಗೆ ಕೆಸರಿನ ಒಂದು ಎಳೆ ವಾಸನೆ ಇರುತ್ತದೆ, ಹಿನ್ನೀರಿನ ಪಕ್ಕ ಬದುಕಿದವರ ನಾಲಗೆಗೆ ಅದು ತಪ್ಪುವುದಿಲ್ಲ. ಸಾಸು ಮಾತ್ರ ಅವಳನ್ನು ಹಿಡಿದು ನಿಲ್ಲಿಸಿತು. ಹುಳಿ ಗೊತ್ತಾಯಿತು. ಕೂಡ್ಲಿಗಿ ಕಡೆಯ ಹುಣಸೆ. ಆದರೆ ಅದರ ಜೊತೆಗೆ ನುಣ್ಣಗೆ ನಾಲಗೆಯ ಮೇಲೆ ಹರಡುವುದು ಏನು?

ಬೆಣ್ಣೆ. ಬರೀ ಬೆಣ್ಣೆ. ಸಣ್ಣುಳ್ಳಾಗಡ್ಡಿ ಹಾಕಿ ವಿನೆಗರನ್ನೋ ವೈನನ್ನೋ ಕುದಿಸಿ ಇಂಗಿಸುತ್ತಾರೆ. ಅದಕ್ಕೆ ತಣ್ಣನೆಯ ಬೆಣ್ಣೆಯನ್ನು ತುಂಡು ತುಂಡಾಗಿ ಹಾಕುತ್ತ ತಿರುವುತ್ತ ಹೋದರೆ, ತುಪ್ಪವಾಗಿ ಒಡೆಯದೆ ಗಟ್ಟಿ ಕೆನೆಯ ಹದಕ್ಕೆ ಬರುತ್ತದೆ. ಕುದಿ ಬಂದರೆ ಒಡೆಯಿತು. ಇದರ ಹೆಸರು ಬೂರ್ ಬ್ಲಾಂ. ಇಲ್ಲಿ ವೈನಿನ ಜಾಗಕ್ಕೆ ಹುಣಸೆ ರಸ ಬಂದಿತ್ತು. ನಾಂತ್ ಪಟ್ಟಣದ ಹತ್ತಿರ, ಲುವಾರ್ ನದಿಯ ದಂಡೆಯ ಒಂದು ಹಳ್ಳಿಯಲ್ಲಿ ಹೋಟೆಲು ಇಟ್ಟಿದ್ದ ಕ್ಲೆಮಾನ್ಸ್ ಲೆಫೆವ್ರ್ ಎಂಬ ಹೆಂಗಸು 20ನೇ ಶತಮಾನ ಹುಟ್ಟುವ ಆಸುಪಾಸಿನಲ್ಲಿ ಇದನ್ನು ಮೊದಲು ಮಾಡಿದಳು ಎನ್ನುತ್ತಾರೆ. ಹೊಳೆಯ ಮೀನಿಗೆಂದು ಹೊಳೆಯ ದಂಡೆಯವಳು ಮಾಡಿದ ಸಾಸು. ಇದನ್ನು ಅಳಿಯ ಹೇಳುವಾಗ ಅವ್ವ ತಟ್ಟೆಯ ಮೇಲಿದ್ದ ಸಾಸನ್ನು ಬೆರಳಿನಿಂದ ಬಳಿದು ಮತ್ತೊಮ್ಮೆ ರುಚಿ ನೋಡಿದಳು. "ಆಕಿ ಹೆಸರು ಇನ್ನೂ ಹೇಳ್ತಾರೇನು ಅಲ್ಲಿ?" ಅಂದಳು. ಹೇಳುತ್ತಾರೆ ಅಂದ. ಅವ್ವ ತಲೆ ಆಡಿಸಿದಳು. ಹಂಪಸಾಗರದ ದಂಡೆಯಲ್ಲಿ ಮೀನಿನ ಸಾರಿಗೆ ಇಂಥದ್ದೇ ಕೈಗುಣ ಇದ್ದ ಎಷ್ಟು ಮಂದಿ ಹೆಂಗಸರು ಸತ್ತುಹೋಗಿದ್ದಾರೆ, ಅವರಲ್ಲಿ ಒಬ್ಬರ ಹೆಸರನ್ನೂ ಯಾವ ಸಾರಿಗೂ ನಾವು ಇಟ್ಟಿಲ್ಲ. ನನಗೆ ಆ ಹೊತ್ತಿನಲ್ಲಿ ಗಂಟಲು ಕಟ್ಟಿತು.

ಊಟ ನಿಧಾನವಾಗಿ ಸಾಗಿತ್ತು. ಒಂದು ತಟ್ಟೆ ಖಾಲಿಯಾಗಿ, ಅದನ್ನು ಒಯ್ದು, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ತರುತ್ತಿದ್ದರು. ನಮ್ಮ ಬಾಳೆ ಎಲೆಯಲ್ಲಿ ಉಪ್ಪಿನಿಂದ ಹೋಳಿಗೆಯವರೆಗೆ ಎಲ್ಲ ಒಟ್ಟಿಗೇ ಬಂದು ಕೂಡುತ್ತದೆ. ಫ್ರಾನ್ಸಿನಲ್ಲೂ ಹಿಂದೆ ದೊಡ್ಡ ಮನೆಗಳಲ್ಲಿ ಹಾಗೇ ಇತ್ತು, ಎಲ್ಲ ಪದಾರ್ಥ ಒಮ್ಮೆಗೇ ಟೇಬಲ್ಲಿನ ಮೇಲೆ ಹರವಿ, ತಿನ್ನುವ ಹೊತ್ತಿಗೆ ಅರ್ಧ ಆರಿಹೋಗುತ್ತಿತ್ತು. ಒಂದಾದ ಮೇಲೊಂದು, ಬಿಸಿಬಿಸಿ, ಒಬ್ಬೊಬ್ಬರಿಗೂ ತಂದು ಕೊಡುವ ಪದ್ಧತಿ 19ನೇ ಶತಮಾನದಲ್ಲಿ ರಷ್ಯಾದವರಿಂದ ಅಲ್ಲಿಗೆ ಬಂದದ್ದು. ಹೀಗೆ ಒಂದಾದ ಮೇಲೊಂದು ಬಡಿಸಿ ಉಣ್ಣುವ ಫ್ರೆಂಚರ ಊಟದ ರೀತಿಯನ್ನು ಯುನೆಸ್ಕೊ 2010ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಇದನ್ನೆಲ್ಲ ನಾನು ಆಮೇಲೆ ಓದಿ ತಿಳಿದದ್ದು. ಅವ್ವನಿಗೆ ಓದುವ ಅಗತ್ಯ ಬೀಳಲಿಲ್ಲ. ನಾಲ್ಕನೆಯ ತಟ್ಟೆ ಬಂದಾಗ ಅವಳು ನನ್ನ ಕಡೆ ಬಾಗಿ ಮೆಲ್ಲಗೆ ಹೇಳಿದಳು, "ಒಂದೊಂದೂ ಬಿಸೀದು ತಂದು ಕೊಡಾಕತ್ತಾರ ನೋಡು. ನನಗೂ."

ಆ 'ನನಗೂ' ನನ್ನ ಎದೆಗೆ ನಾಟಿ ಉಳಿದಿದೆ. ಜೀವಮಾನವೆಲ್ಲ ಹೆಂಚಿನಿಂದ ತೆಗೆದ ಬಿಸಿ ರೊಟ್ಟಿ ಊರ ಮಂದಿಗೆ ಎಸೆದವಳು, ಬಿಸಿ ರೊಟ್ಟಿಯ ರುಚಿ ತಾನು ಕಂಡದ್ದು ಯಾವಾಗ? ನಾನೂ ಅವಳ ಮಗಳೇ, ನನ್ನ ಮನೆಯಲ್ಲಿ ನಾನೂ ಕಡೆಗೇ ಉಣ್ಣುವವಳು.

ಕಡೆಯ ತಟ್ಟೆ ಬಂದಾಗ ಮೊದಲು ಮೂಗಿಗೇ ಗೊತ್ತಾಯಿತು. ಬೆಳಿಗ್ಗೆ ಇಸಿದುಕೊಂಡ ಹೂವನ್ನು ಅಳಿಯ ತಣ್ಣನೆಯ ಕೆನೆಯಲ್ಲಿ ಹಗಲೆಲ್ಲ ನೆನೆಸಿಟ್ಟಿದ್ದ. ಬಿಸಿ ತಾಗಿದರೆ ಮಲ್ಲಿಗೆಯ ಪರಿಮಳ ಕೆಡುತ್ತದೆ, ತಣ್ಣಗಿರುವ ಕೊಬ್ಬು ಮಾತ್ರ ಅದನ್ನು ಹೀರಿ ಇಟ್ಟುಕೊಳ್ಳುತ್ತದೆ. ಹೂವು ಸೋಸಿ ತೆಗೆದು, ಆ ಕೆನೆಯ ಸ್ವಲ್ಪ ಭಾಗವನ್ನು ಬೇಯಿಸದೆ ಎತ್ತಿಟ್ಟು, ಉಳಿದದ್ದಕ್ಕೆ ಮೊಟ್ಟೆಯ ಹಳದಿ ಕೂಡಿಸಿ ಹದ ಕಾವಿನಲ್ಲಿ ಗಟ್ಟಿ ಮಾಡಿ, ಮೇಲೆ ಸಕ್ಕರೆ ಉದುರಿಸಿ ಬೆಂಕಿ ತಾಗಿಸಿ ಗಾಜಿನ ಹಾಳೆಯಷ್ಟು ತೆಳ್ಳಗೆ ಕರಗಿಸಿದ್ದ. ಎತ್ತಿಟ್ಟ ಕೆನೆಯನ್ನು ಪಕ್ಕದಲ್ಲಿ ಒಂದು ಚಮಚದಷ್ಟು ಹಾಕಿದ್ದ. ಅವ್ವ ಚಮಚದಿಂದ ತಟ್ಟಿ ಆ ಸಕ್ಕರೆಯನ್ನು ಒಡೆದಳು. "ನಮ್ಮ ಹಿತ್ತಲದ ಹೂವು" ಅಂದಳು. "ಮುಡ್ಯಾಕ ಬಿಟ್ರ ದೇವರಿಗೆ ಏರಸಾಕ ಅಂತ ತಿಳಕೊಂಡಿದ್ದೆ." ತಟ್ಟೆಯನ್ನು ಪೂರ್ತಿ ಬಳಿದು ತಿಂದಳು, ನನ್ನದರಲ್ಲೂ ಅರ್ಧ.

ಗಿರಾಕಿಗಳು ಹೋದ ಮೇಲೆ ಅಡುಗೆಮನೆ ನೋಡುತ್ತೇನೆ ಅಂದಳು. ಒಳಗೆ ಎಲ್ಲ ಅಚ್ಚುಕಟ್ಟು. ಯಜಮಾನರು ಒಂದು ಮಾತು ಹೇಳಿದರೆ ಹುಡುಗರೆಲ್ಲ ಒಟ್ಟಿಗೆ "ವಿ ಶೆಫ್" ಅನ್ನುತ್ತಿದ್ದರು. ದೊಡ್ಡ ಅಡುಗೆಮನೆಯನ್ನು ದಂಡಿನ ತುಕಡಿಯ ಶಿಸ್ತಿಗೆ ತಂದದ್ದು ಫ್ರಾನ್ಸಿನ ಬಾಣಸಿಗ ಎಸ್ಕೊಫಿಯೆ, 1846ರಲ್ಲಿ ಹುಟ್ಟಿದವನು. ಅವ್ವ ನೋಡುತ್ತಿದ್ದದ್ದು ಗೋಡೆಯ ಮೇಲಿನ ಒಂದು ಫೋಟೊ. ದಪ್ಪನೆಯ, ಗಟ್ಟಿ ಮುಖದ ಹೆಂಗಸು, ಬಿಳಿ ಅಂಗಿ. "ಯಾರೀಕಿ?"

ಲಿಯೋನಿನ ಯುಜೆನಿ ಬ್ರಾಜಿಯೆ. ಹಳ್ಳಿಯ ಬಡ ಒಕ್ಕಲು ಮನೆಯವಳು, ಎಳವೆಯಲ್ಲೇ ಹಂದಿ ಕಾಯ್ದವಳು, ಹತ್ತು ವರ್ಷಕ್ಕೆ ತಾಯಿ ಸತ್ತವಳು. ಅವರಿವರ ಮನೆಯಲ್ಲಿ ಅಡುಗೆ ಮಾಡಿ, 1921ರಲ್ಲಿ ಲಿಯೋನಿನಲ್ಲಿ ತನ್ನದೇ ಪುಟ್ಟ ಹೋಟೆಲು ತೆರೆದಳು. 1933ರ ಹೊತ್ತಿಗೆ ಅವಳಿಗೆ ಎರಡು ಹೋಟೆಲುಗಳಿದ್ದವು, ಆ ವರ್ಷ ಹೋಟೆಲುಗಳ ಗುಣ ಅಳೆಯುವ ಮಿಶೆಲಿನ್ ಕೈಪಿಡಿಯವರು ಎರಡಕ್ಕೂ ಮೂರು ಮೂರು ನಕ್ಷತ್ರ ಕೊಟ್ಟರು. ಅಲ್ಲಿಯವರೆಗೆ ಯಾವ ಗಂಡಸಿಗೂ ಆ ಆರು ನಕ್ಷತ್ರ ಸಿಕ್ಕಿರಲಿಲ್ಲ. ಆಮೇಲೆ ಜಗತ್ತಿಗೇ ಹೆಸರಾದ ಪೋಲ್ ಬೊಕ್ಯೂಸ್ ಅವಳ ಅಡುಗೆಮನೆಯಲ್ಲಿ ಕಲಿತವನು. ಅಳಿಯ ಇದನ್ನೆಲ್ಲ ನಮ್ಮ ಮಾತಿನಲ್ಲಿ ಹೇಳುತ್ತಿದ್ದರೆ ಅವ್ವ ಫೋಟೊದ ಹತ್ತಿರಕ್ಕೆ ಹೋಗಿ ಕಣ್ಣು ಕಿರಿದು ಮಾಡಿ ನೋಡಿದಳು. "ಕೈ ನೋಡು ಆಕಿದು. ಕೆಲಸ ಮಾಡಿದ ಕೈ."

ಅಷ್ಟು ಹೊತ್ತಿಗೆ ಅವಳಿಗೆ ಸೂಪಿನ ಮೇಲಿನ ರೊಟ್ಟಿ ನೆನಪಾಯಿತು. ಎಲ್ಲಿಂದ ತಂದದ್ದು ಅಂತ ಕೇಳಿದಳು. ರೊಟ್ಟಿ ಮಾರುವ ಒಂದು ಅಂಗಡಿಯಿಂದ. "ಹಿಟ್ಟು ಹಳೇದು. ಜಿಗಟು ಹೋಗೈತಿ." ಬೀಸಿ ಬಹಳ ದಿನವಾದ ಜೋಳದ ಹಿಟ್ಟು ಬಡಿಯುವಾಗ ಅಂಚು ಬಿರಿಯುತ್ತದೆ, ಇದು ರೊಟ್ಟಿ ಬಡಿಯುವ ಯಾರನ್ನು ಕೇಳಿದರೂ ಹೇಳುತ್ತಾರೆ. ಯಜಮಾನರು ಹೊಸ ಹಿಟ್ಟಿನ ಚೀಲ ಬಿಚ್ಚಿ ಮುಂದಿಟ್ಟರು. ಅವ್ವ ಸೆರಗು ಸೊಂಟಕ್ಕೆ ಸಿಗಿಸಿದಳು. ಎಸರು ಕುದಿಸಿ ಹಿಟ್ಟಿನ ನಡುವೆ ಗುಂಡಿ ಮಾಡಿ ಹೊಯ್ದಳು, ಚಮಚದಿಂದ ಕಲೆಸಿ, ಸ್ವಲ್ಪ ಆರಿದ ಮೇಲೆ ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದಿದಳು. ಸ್ಟೀಲಿನ ಮೇಜಿನ ಮೇಲೆ ಹಿಟ್ಟು ಉದುರಿಸಿ ಬಡಿಯತೊಡಗಿದಾಗ ಆ ಸದ್ದಿಗೆ ಪಾತ್ರೆ ತೊಳೆಯುವವನೂ ಕೈ ಒರೆಸಿಕೊಂಡು ಬಂದ. ರೊಟ್ಟಿ ಅವಳ ಕೈ ಕೆಳಗೆ ತಾನಾಗಿಯೇ ತಿರುಗುತ್ತಿತ್ತು. ಹೆಂಚಿಗೆ ಹಾಕಿ, ಮೇಲೆ ನೀರು ಸವರಿ, ಮಗುಚಿ, ಬೆಂಕಿಗೆ ಹಿಡಿದಾಗ ಪೂರಿಯಂತೆ ಉಬ್ಬಿತು.

ಮೊದಲ ರೊಟ್ಟಿಯನ್ನು ಯಜಮಾನರತ್ತ ಚಾಚಿದಳು. ಅವರು ಅದನ್ನು ಎರಡು ಮಾಡಿ, ಬೆಣ್ಣೆ ಸವರಿ, ಅರ್ಧವನ್ನು ಅವಳ ಕೈಗೇ ಹಿಂದಕ್ಕೆ ಕೊಟ್ಟರು. "ಮೊದಲು ನೀವು ತಿನ್ನಿ ಅಜ್ಜಿ" ಅಂದರು. ಅವ್ವ ಒಂದು ಕ್ಷಣ ಸುತ್ತ ನಿಂತವರನ್ನೆಲ್ಲ ನೋಡಿದಳು, ಬಾಯಿಗಿಟ್ಟುಕೊಂಡಳು. ಆಮೇಲೆ ಎಲ್ಲರಿಗೂ ಬಡಿದು ಹಾಕಿದಳು. ಮಣಿಪುರದ ಹುಡುಗಿ ಪಕ್ಕದಲ್ಲಿ ನಿಂತು ಒಂದು ರೊಟ್ಟಿ ಬಡಿಯಲು ಕಲಿತಳು.

ಊರಿಗೆ ಬಂದ ಮೇಲೆ ಅವ್ವ ಬೆಂಗಳೂರಿನ ಊಟದ ಬಗ್ಗೆ ಯಾರ ಮುಂದೂ ಹೆಚ್ಚು ಮಾತಾಡಲಿಲ್ಲ, ಹೇಳಿದ್ದೆಲ್ಲ ನಾನೇ. ಒಂದು ರಾತ್ರಿ ಅತ್ತಿಗೆ ಒಲೆ ಮುಂದೆ ರೊಟ್ಟಿ ಬಡಿಯುತ್ತಿದ್ದಳು, ಅಣ್ಣ, ಮಕ್ಕಳು, ನಾನು ಗಂಗಾಳದ ಮುಂದೆ. ಅವ್ವ ಎದ್ದು ಹೋಗಿ ಸೊಸೆಯ ತೋಳು ಹಿಡಿದಳು. "ಏಳವ್ವ. ಹೋಗಿ ಕುಂದ್ರು. ಬಿಸೀದು ಉಣ್ಣು. ನಾ ಬಡೀತೀನಿ." ಅತ್ತಿಗೆ ಗಾಬರಿಯಾಗಿ ನನ್ನ ಮುಖ ನೋಡಿದಳು. ಅಣ್ಣ ಎದ್ದ. "ನಿನಗ ಯಾಕ ಬೇ ಈ ವಯಸ್ಸಿನಾಗ?" ಅಂದ. "ಹಂಗಾರ ನೀನ ಬೇಯಿಸು ಬಾ" ಅಂತ ಅವ್ವ ಸಟ್ಟುಗ ಅವನ ಕೈಗೆ ಕೊಟ್ಟಳು. ಅಣ್ಣ ಸುಮ್ಮನೆ ಹೆಂಚಿ​ನ ಮುಂದೆ ಕೂತ.

ಅಂದಿನಿಂದ ರಾತ್ರಿ ಊಟಕ್ಕೆ ಇಬ್ಬರಿಬ್ಬರ ಪಾಳಿ. ಅತ್ತಿಗೆ ಬಡಿದರೆ ಅವಳು ಉಣ್ಣುವಾಗ ಅಣ್ಣ ಬೇಯಿಸುತ್ತಾನೆ. ಅವನಿಗೆ ಮಗುಚುವ ಹದ ಇನ್ನೂ ಪೂರ್ತಿ ಕೂತಿಲ್ಲ, ಅವಸರದಲ್ಲಿ ತೆಗೆದುಬಿಡುತ್ತಾನೆ, ನಡುವೆ ಹಸಿ ಉಳಿಯುತ್ತದೆ. ಅವ್ವ ತನ್ನ ಗಂಗಾಳದ ಮುಂದಿನಿಂದಲೇ ಕೂಗುತ್ತಾಳೆ: "ಇನ್ನೊಂದೀಟು ಸುಡ್ಲಿ ತಡಿಯೋ. ಆಕಿ ಕುಂತಾಳ, ಎಲ್ಲಿಗೂ ಹೋಗಂಗಿಲ್ಲ."